ಒಲ್ಕಿನಿಯ ಮನೆಯ ಸಾಲು

ಕಳೆದ ಸುಗ್ಗಿಯಲ್ಲಿ ನಮ್ಮೂರ ಮೆಥೊಡಿಸ್ಟ್ ಚರ್ಚಿಗೆ ಪೂರ್ವದ ಕಡೆಯಿಂದ ಒಬ್ಬ ವಿದ್ವಾಂಸ ಬಂದಿದ್ದ. ಮಿಶನ್ನಿನ ಹಳೆಯ ಪುಸ್ತಕಗಳನ್ನು ನಕಲು ಮಾಡಿಕೊಳ್ಳುವುದು ಅವನ ಕೆಲಸ. ಮಧ್ಯಾಹ್ನ ನಮ್ಮ ಮನೆಗೆ ಬಂದ. ನಾನು ಕೊಟ್ಟ ಮೆಕ್ಕೆಜೋಳದ ಹುಳಿಗಂಜಿಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ.

"ನಿಮ್ಮ ಅಜ್ಜಿ ಒಲ್ಕಿನಿಗೆ ಒಂದೇ ಮನೇಲಿ ಇಬ್ಬರು ಗಂಡಂದಿರು ಅಂತ ಪುಸ್ತಕದಲ್ಲಿದೆ. ನಿಜವೇ?" ಎಂದು ಕೇಳಿದ. ಮೀಸೆಯ ಕೆಳಗೆ ನಗು ಇತ್ತು. ನಮ್ಮ ಚೆರೊಕೀ ಬುಡಕಟ್ಟಿನ ಹೆಂಗಸರೆಂದರೆ ಹೀಗೇ ಎಂದು ಮನೆ ಬಿಡುವಾಗಲೇ ತೀರ್ಮಾನಿಸಿಕೊಂಡು ಬಂದ ಆಸಾಮಿ.

"ಮೊದ್ಲು ಗಂಜಿ ಕುಡೀರಿ, ಆಮೇಲೆ ಮಾತಾಡಣ" ಎಂದೆ. ಅವನು ಕುಡಿಯಲಿಲ್ಲ, ನಾನು ಹೇಳಲಿಲ್ಲ. ಆದರೆ ಆ ನಗುವನ್ನು ನಾನಿನ್ನೂ ಮರೆತಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ.

ಒಲ್ಕಿನಿ ನನ್ನ ತಾಯಿಯ ತಾಯಿ. ಜಿಂಕೆ ಕುಲದವಳು. ನಮ್ಮಲ್ಲಿ ಕುಲ ತಾಯಿಯಿಂದ ಬರುವುದು, ಹಾಗಾಗಿ ನನ್ನ ತಾಯಿ, ನಾನು, ನನ್ನ ಮಕ್ಕಳು ಎಲ್ಲರೂ ಜಿಂಕೆ ಕುಲದವರೇ. ಅವಳು ಹುಟ್ಟಿ ಬೆಳೆದದ್ದು ಹಳೆಯ ನಾಡಿನಲ್ಲಿ, ಬೆಟ್ಟಗಳ ನಡುವಿನ ಹೊಳೆಯ ದಂಡೆಯಲ್ಲಿ. ಮನೆ ಅವಳ ತಾಯಿಯದಾಗಿತ್ತು, ಆಮೇಲೆ ಅವಳದಾಯಿತು. ಜೋಳದ ಹೊಲವೂ ಅವಳದೇ. ಗಂಡ ತವೋದಿ ಹಕ್ಕಿ ಕುಲದವನು, ಮದುವೆಯಾಗಿ ಅವಳ ಮನೆಗೆ ಬಂದವನು. ಪಿಟೀಲು ಬಾರಿಸುತ್ತಿದ್ದ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದ. ಆದರೆ ಅವರನ್ನು ಗದರುವ ಹಕ್ಕು ಅವನಿಗಿರಲಿಲ್ಲ. ತಂದೆಯಾದವನು ಬೇರೆ ಕುಲದವನು, ಅವನಿಗೇಕೆ ಆ ಉಸಾಬರಿ? ಮಕ್ಕಳನ್ನು ತಿದ್ದುವುದು, ಅವರ ಪರವಾಗಿ ಊರೆದುರು ನಿಲ್ಲುವುದು, ಅವರ ತಪ್ಪಿಗೆ ತಲೆ ಕೊಡುವುದು ಎಲ್ಲ ಸೋದರಮಾವನ ಪಾಲು.

ಆ ಸೋದರಮಾವನೇ ಕನುನಾ, ಒಲ್ಕಿನಿಯ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ಕೋವಿ, ಕಂಬಳಿ ಹೊತ್ತುಕೊಂಡು ತಂಗಿಯ ಮನೆಗೆ ವಾಪಸಾಗಿದ್ದ. ಗಂಡಸು ಹೋಗಬೇಕಾದದ್ದೇ ಅಲ್ಲಿಗೆ. ನಮ್ಮವರಲ್ಲಿ ಯೇಸುವಿನ ಮಾತಿಗೆ ಮೊದಲು ಮನಸೋತವನೂ ಅವನೇ. ಪಾದ್ರಿ ಅವನನ್ನು ಪ್ರಾರ್ಥನಾಕೂಟದ ಹಿರಿಯನನ್ನಾಗಿ ಮಾಡಿದ. ಭಾನುವಾರ ಒಬ್ಬೊಬ್ಬರ ಎದುರೂ ನಿಂತು "ನಿನ್ನ ಆತ್ಮ ಹೆಂಗದೆ?" ಎಂದು ವಿಚಾರಿಸುತ್ತಿದ್ದ. ತವೋದಿಯ ಉತ್ತರ ಯಾವಾಗಲೂ ಒಂದೇ: "ಹಸ್ದದೆ ಭಾವ, ಬೇಗ ಮುಗ್ಸು."

ಮೊದಲ ಪಾದ್ರಿ ಕುದುರೆಯ ಮೇಲೆ ಊರೂರು ಸುತ್ತುತ್ತಿದ್ದವನು. ನಮ್ಮ ಭಾಷೆ ಅಷ್ಟಿಷ್ಟು ಕಲಿತಿದ್ದ, ನಮ್ಮ ಬದುಕು ಕಲಿತಿರಲಿಲ್ಲ. ಒಲ್ಕಿನಿಯ ಮೂವರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ದಿನ, "ಈ ಮಕ್ಕಳಿಗೆ ಹೊಣೆಯಾಗೋ ಗಂಡಸು ಯಾರು? ಮುಂದೆ ಬರಲಿ" ಎಂದ. ಕೇಳಿದ್ದು ಎಲ್ಲರಿಗೂ ಸರಿಯಾಗಿಯೇ ಅರ್ಥವಾಯಿತು. ಕನುನಾ ಮುಂದೆ ಬಂದು ತಂಗಿಯ ಪಕ್ಕ ನಿಂತ. ಹೆತ್ತಪ್ಪ ತವೋದಿ ಬಾಗಿಲ ಬಳಿ ಹಿಕರಿ ಕಾಯಿ ಒಡೆದು ತಿನ್ನುತ್ತ, ಹೆಮ್ಮೆಯಿಂದ ನೋಡುತ್ತಿದ್ದ. ಪಾದ್ರಿ ಪುಸ್ತಕದಲ್ಲಿ ಬರೆದುಕೊಂಡು ಕುದುರೆ ಹತ್ತಿದ. ಏನು ಬರೆದನೆಂದು ಯಾರೂ ಕೇಳಲಿಲ್ಲ.

ಅವನ ಬದಲು ಪೆಂಬರ್ಟನ್ ಪಾದ್ರಿ ಬಂದ. ಅಚ್ಚುಕಟ್ಟಿನ ಮನುಷ್ಯ. ಮೊದಲ ಭಾನುವಾರವೇ ಪುಸ್ತಕ ತೆರೆದು ಸಭೆಯವರ ಹೆಸರುಗಳನ್ನು ಗಟ್ಟಿಯಾಗಿ ಓದಿಸಿದ. ನಮ್ಮ ಮಾತಿಗೆ ತಿರುಗಿಸುತ್ತಿದ್ದವನು ಗಿರಣಿಯ ಎಜ್ರಾ.

"ಕನುನಾ. ಅವನ ಹೆಂಡತಿ ಒಲ್ಕಿನಿ. ಮಕ್ಕಳು ಮೂವರು" ಎಂದುಬಿಟ್ಟು, ತಾನು ಏನು ಹೇಳಿದೆನೆಂದು ತಿಳಿದು ಎಜ್ರಾ ಬಾಯಿ ಮುಚ್ಚಿಕೊಂಡ.

ನಮ್ಮಲ್ಲಿ ಒಂದೇ ಕುಲದ ಗಂಡು ಹೆಣ್ಣು ಕೂಡುವುದೇ ಮಹಾಪಾಪ, ಹಿಂದಿನ ಕಾಲದಲ್ಲಿ ಅದಕ್ಕೆ ಪ್ರಾಣವೇ ದಂಡ. ಇಲ್ಲಿ ಒಡಹುಟ್ಟಿದವರನ್ನೇ ಗಂಡಹೆಂಡಿರು ಎಂದು ದೇವರ ಮನೆಯಲ್ಲಿ ಓದಿದ್ದಾಗಿತ್ತು. ಜಿಂಕೆ ಕುಲದ ಹಿರಿಯಳೊಬ್ಬಳು ಕಂಬಳಿ ಹೊದ್ದುಕೊಂಡು ಎದ್ದು ಹೊರಗೆ ಹೋದಳು. ಅವಳ ಹಿಂದೆ ಇನ್ನಿಬ್ಬರು ಹೋದರು.

ಸುಳ್ಳೆಂದು ಊರಿಗೆಲ್ಲ ಗೊತ್ತು. ಆದರೂ ನಾಲಗೆಗೆ ಮೂಳೆಯಿಲ್ಲವಲ್ಲ. ಹೊಳೆಯ ಬಳಿ ಹೆಂಗಸರು ಚುಚ್ಚುತ್ತಿದ್ದರು: "ಏನವ್ವ ಒಲ್ಕಿನಿ, ಇವತ್ತು ಮಕ್ಕಳನ್ನ ಗದರಿದ್ದು ಮಾವನೋ, ಅಪ್ಪನೋ?" ಒಲ್ಕಿನಿ ಕೊಡ ಅಲ್ಲೇ ಇಟ್ಟು, ನೇರ ಪಾದ್ರಿಯ ಬಿಡಾರಕ್ಕೆ ನಡೆದಳು.

"ಅಳಿಸ್ರಿ. ಅವ್ನು ನನ್ನ ಅಣ್ಣ."

ಪೆಂಬರ್ಟನ್ ಕಿವಿಯವರೆಗೂ ಕೆಂಪಾದ. "ತಪ್ಪಾಗಿದೆ ಸಹೋದರಿ, ತಿದ್ದಿಬಿಡೋಣ" ಎಂದು ಎಜ್ರಾನಿಂದ ಹೇಳಿಸಿದ. ತವೋದಿಯನ್ನು ಮನೆಯ ಯಜಮಾನನೆಂದು ಬರೆದ. ಒಲ್ಕಿನಿಯ ಮನೆಗೆ ತವೋದಿ ಯಜಮಾನ! ಅದನ್ನು ಕೇಳಿ ತವೋದಿ ಬಿದ್ದು ಬಿದ್ದು ನಕ್ಕನಂತೆ. ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ಅವಳದು, ಅವಳದರ ಕೆಳಗೆ ಮಕ್ಕಳದು.

"ಅದರ ಕೆಳಗೆ ಕನುನಾ, ಅಣ್ಣ ಅಂತ ಬರೀರಿ."

"ಮನೆಯ ಸಾಲಲ್ಲಿ ಅಣ್ಣನಿಗೆ ಜಾಗ ಇಲ್ಲ ಸಹೋದರಿ. ಗಂಡ, ಹೆಂಡತಿ, ಮಕ್ಕಳು, ಅಷ್ಟೇ. ಅವನನ್ನ ಬೇರೆ ಪುಟಕ್ಕೆ ಹಾಕ್ತೀನಿ."

ಒಲ್ಕಿನಿಗೆ ಅದು ಹಿಡಿಸಲಿಲ್ಲ. ಆದರೆ ಮೈಮೇಲಿನ ಕೊಳೆ ಹೋಗಬೇಕಿತ್ತು. "ಆಗ್ಲಿ" ಎಂದಳು. ಕನುನಾನ ಹೆಸರು ಒಂಟಿ ಗಂಡಸರ ಪುಟಕ್ಕೆ ಹೋಯಿತು. ಅವತ್ತು ಹುರುಳಿಕಾಯಿಯ ಬೀಜ ಹಾಕಿದ ಜೋಳದ ರೊಟ್ಟಿ ಬೇಯಿಸಿ, ಚುಚ್ಚಿದವರ ಮನೆಗೂ ಕಳಿಸಿದಳು.

ಕನುನಾ ರೊಟ್ಟಿ ಮುರಿಯುತ್ತ ಹೇಳಿದ: "ಪುಸ್ತಕದಲ್ಲಿ ನನ್ನ ಹೊರಗೆ ಹಾಕಿದ್ದೀಯ ತಂಗಿ. ಗಂಜಿಗೆ ಮಾತ್ರ ಇಲ್ಲಿಗೇ ಬತ್ತೀನಿ."

ಆ ಪುಟದಿಂದ ಏನಾಗುತ್ತದೆಂದು ಯಾರಿಗೆ ಗೊತ್ತಿತ್ತು? ಮುಂದೊಂದು ಬೇಸಗೆಯಲ್ಲಿ ಸಿಪಾಯಿಗಳು ಬಂದರು. ಒಲೆಯ ಮೇಲಿದ್ದ ಗಂಜಿ ಅಲ್ಲೇ, ಹೊಲದಲ್ಲಿದ್ದ ಜೋಳ ಅಲ್ಲೇ. ಬಂದೂಕಿನ ಮೊನೆಯಲ್ಲಿ ನಮ್ಮವರನ್ನೆಲ್ಲ ಅಟ್ಟಿಕೊಂಡು ಹೋಗಿ ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿದರು. ನಾಡು ಬಿಟ್ಟು ಪಶ್ಚಿಮಕ್ಕೆ ಹೋಗಬೇಕು ಎಂದರು. ಬೇಲಿಯೊಳಗೆ ಭೇದಿ, ಜ್ವರ. ಪೆಂಬರ್ಟನ್ ತಾನಾಗಿಯೇ ಬಂದು ನಮ್ಮವರ ಜೊತೆ ಆ ಕೆಸರಿನಲ್ಲಿ ಮಲಗಿದ. ಕೆಟ್ಟವನಲ್ಲ ಆತ. ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಸಂಸಾರಗಳನ್ನು ಒಡೆಯಬೇಡಿ ಎಂದು ದಳಪತಿಯ ಕಾಲಿಗೆ ಬೀಳುವುದೊಂದು ಬಾಕಿ. ಯಾರು ಯಾರ ಸಂಸಾರವೆಂದು ದಳಪತಿ ಕೇಳಿದಾಗ, ತನ್ನ ಪುಸ್ತಕವನ್ನೇ ಕೊಟ್ಟ.

ಒಂಟಿ ಗಂಡಸರನ್ನು ಪಶ್ಚಿಮಕ್ಕೆ ಹೊರಟ ಮೊದಲ ದೋಣಿಗೆ ಕೂಗಿದರು.

ಕನುನಾ ಕಂಬಳಿ ಎತ್ತಿಕೊಂಡ. ಒಲ್ಕಿನಿ ಬೇಲಿಯ ಬಾಗಿಲಿಗೆ ಓಡಿ ಅವನ ತೋಳು ಹಿಡಿದಳು. ನನ್ನ ತಾಯಿ ಅವಳ ಲಂಗ ಹಿಡಿದುಕೊಂಡಿದ್ದಳು. ಮುಂದಿನದನ್ನೆಲ್ಲ ಕಣ್ಣಾರೆ ಕಂಡವಳು ಅವಳು.

"ಇವ್ನು ನನ್ನ ಮನೆಯವ್ನು. ನಮ್ಮ ಜೊತೇನೇ ಬರ್ಬೇಕು" ಎಂದಳು ಒಲ್ಕಿನಿ.

ಸಿಪಾಯಿ ಪುಸ್ತಕದ ಮೇಲೆ ಬೆರಳಿಟ್ಟ. ಪೆಂಬರ್ಟನ್ ಅವಳ ಹತ್ತಿರ ಬಂದ. ಅವನ ಕಣ್ಣಲ್ಲೂ ನೀರಿತ್ತು. ಎಜ್ರಾ ಅವನ ಮಾತನ್ನು ತಗ್ಗಿದ ದನಿಯಲ್ಲಿ ತಿರುಗಿಸಿದ: "ಗಂಡ ಆಗಿದ್ರೆ ಬಿಡ್ತಾರಂತೆ. ಹಳೇ ಸಾಲು ಇನ್ನೂ ಕಾಣ್ಸುತ್ತೆ, ಮೇಲೊಂದು ಗೀಟು ಎಳ್ದಿರೋದು ಅಷ್ಟೇ. ನಿನ್ನ ಬಾಯಿಂದ ಒಂದು ಮಾತು ಬಂದ್ರೆ ಸಾಕು, ಪಾದ್ರಿ ಅದನ್ನೇ ತೋರುಸ್ತಾರೆ."

ಸುತ್ತ ಜಿಂಕೆ ಕುಲದವರೆಲ್ಲ ನಿಂತಿದ್ದರು. ಅಂದು ಎದ್ದು ಹೋದ ಹಿರಿಯಳೂ ಇದ್ದಳು. ಒಲ್ಕಿನಿ ಬಾಯಿ ತೆರೆದಳು.

"ಆ ಮಾತು ಆಡ್ಬೇಡ ಕಣವ್ವ" ಎಂದ ಕನುನಾ. "ಮಕ್ಕಳು ಕೇಳ್ತಾವೆ."

ಒಲ್ಕಿನಿ "ಅಣ್ಣ" ಎಂದಳು, ಅಷ್ಟೇ. ಅವನು ಸೊಸೆಯ, ಅಂದರೆ ನನ್ನ ತಾಯಿಯ, ತಲೆ ಮುಟ್ಟಿ ಹೊರಟುಹೋದ.

ಒಲ್ಕಿನಿಯ ಸಂಸಾರ ಚಳಿಗಾಲದಲ್ಲಿ ನಡೆದುಕೊಂಡು ಬಂತು. ದಾರಿಯಲ್ಲಿ ಕಿರಿಯ ಮಗ ಸತ್ತ. ಸತ್ತ ಮಗುವಿಗಾಗಿ ಮಾತಾಡಬೇಕಾದ ಸೋದರಮಾವ ಇರಲಿಲ್ಲ. ತವೋದಿ, ಬೇರೆ ಕುಲದವನು, ಗುಂಡಿಗೆ ಮಣ್ಣು ಎಳೆಯುವುದಷ್ಟೇ ಮಾಡಿದನಂತೆ. ಇಲ್ಲಿಗೆ ಮುಟ್ಟಿದ ಮೇಲೆ ಗೊತ್ತಾಯಿತು: ಕನುನಾ ದೋಣಿಯಲ್ಲೇ ಜ್ವರದಿಂದ ಹೋಗಿದ್ದ, ಯಾವುದೋ ದಂಡೆಯಲ್ಲಿ ಮಣ್ಣು ಮಾಡಿದ್ದರು. ತನ್ನವರು ಒಬ್ಬರೂ ಹತ್ತಿರವಿರಲಿಲ್ಲ. ಒಲ್ಕಿನಿ ಅತ್ತಳೋ ಇಲ್ಲವೋ ನನ್ನ ತಾಯಿಗೆ ನೆನಪಿಲ್ಲ. ಬೆಳಗಾಗೆದ್ದು ಗಂಜಿಯ ಬಟ್ಟಲು ಒಂದು ಹೆಚ್ಚು ಇಡುತ್ತಿದ್ದಳು, ಅದು ನೆನಪಿದೆ.

ಬೇಸಗೆಗೆ ಇಲ್ಲಿಯೂ ಒಂದು ಮಿಶನ್ ಎದ್ದಿತು. ಮರದ ಕೆಳಗೆ ಬೆಂಚು ಹಾಕಿ, ಹೊಸ ಪಾದ್ರಿಯೊಬ್ಬ ಹೊಸ ಪುಸ್ತಕ ತೆರೆದ. ಆ ಕಡೆಯ ಸಂಗತಿ ಯಾವುದೂ ಅರಿಯದ, ಮೀಸೆ ಚಿಗುರದ ಪಾದ್ರಿ. ಒಲ್ಕಿನಿಯ ಸರದಿ ಬಂತು.

"ಮನೆಯವರ ಹೆಸರು ಹೇಳಿ ಅಮ್ಮ."

"ಕನುನಾ" ಎಂದಳು.

"ಏನಾಗಬೇಕು?"

"ಅಣ್ಣ."

"ಅಣ್ಣಂದಿರಿಗೆ ಬೇರೆ ಪುಟ ಇದೆ. ಇಲ್ಲಿ ಗಂಡನ ಹೆಸರು ಹೇಳಿ."

ಬೆಂಚುಗಳ ಮೇಲೆ ಜಿಂಕೆ ಕುಲದಲ್ಲಿ ಬದುಕುಳಿದವರು ಕೂತಿದ್ದರು. ಹಿರಿಯಳೂ ಇದ್ದಳು, ಮೊದಲಿನ ಅರ್ಧವಾಗಿದ್ದಳು.

"ಹಂಗಾದ್ರೆ ಗಂಡ ಅಂತ ಬರಿ" ಎಂದಳು ಒಲ್ಕಿನಿ. ಎಲ್ಲರಿಗೂ ಕೇಳುವಂತೆಯೇ ಅಂದಳು.

ಪಾದ್ರಿ ತವೋದಿಯನ್ನು ನೋಡಿದ. "ಮತ್ತೆ ಇವರು?"

"ನಾನೂ ಗಂಡನೇ" ಎಂದ ತವೋದಿ. "ನಂದು ಕೆಳಗಡೆ ಬರ್ಕೊಳಿ. ಅವ್ನದು ಮೇಲಿರ್ಲಿ."

ಪಾದ್ರಿ ತಬ್ಬಿಬ್ಬಾಗಿ ಸುತ್ತ ನೋಡಿದ. ಯಾರಾದರೂ ನಗುತ್ತಾರೇನೋ, ಇಲ್ಲವೆನ್ನುತ್ತಾರೇನೋ ಎಂದು ಕಾದ.

"ಕನುನಾ ಈಗ ಎಲ್ಲಿದ್ದಾರೆ?" ಎಂದು ಕೇಳಿದ.

"ಹಿಂದೆ ಬರ್ತಾವ್ನೆ. ನೀನು ಬರಿ."

ಅವನು ಬರೆದ. ಈ ಸಲ ಹಿರಿಯಳು ಎದ್ದು ಹೋಗಲಿಲ್ಲ. ಸ್ವಲ್ಪ ಸರಿದು, ಒಲ್ಕಿನಿ ಬಂದು ಕೂರಲೆಂದು ಬೆಂಚಿನಲ್ಲಿ ಜಾಗ ಬಿಟ್ಟಳು.