ತಂಗಿ ಹೊಲಿದ ಗೊಂಬೆ

ನನ್ನದು ಸಿಡುಕು ಸ್ವಭಾವ. ಮಣಿಪಾಲದ ವರ್ಕ್‌ಶಾಪಿನಲ್ಲಿ ಜೀವರಕ್ಷಣೆಯ ಹೊಸ ಬೋಟು ಕಟ್ಟುತ್ತಿದ್ದಷ್ಟು ಕಾಲ ನನ್ನ ಜೊತೆ ದುಡಿದವರು ನನ್ನ ಬೈಗುಳವನ್ನು ಹೊಟ್ಟೆ ತುಂಬಾ ಉಂಡಿದ್ದಾರೆ. ಕಡಲು ಎಷ್ಟೇ ಅಬ್ಬರಿಸಲಿ, ಆ ಬೋಟು ದಡದಿಂದ ನೇರ ಓಡಬೇಕು. ಮಗುಚಿದರೆ ತಾನೇ ಎದ್ದು ನಿಲ್ಲಬೇಕು. ನೀರಿನಲ್ಲಿರುವವನ ಕಾಲು ಕೊಯ್ಯಬಾರದೆಂದು ಪ್ರೊಪೆಲ್ಲರ್ ಬಿಟ್ಟು, ನೀರು ಹೀರಿ ಹಿಂದಕ್ಕೆ ಚಿಮ್ಮಿಸುವ ಎಂಜಿನ್ ಕೂರಿಸಿದೆವು.

"ಇಷ್ಟು ಕೋಪ ಯಾರ ಮೇಲೆ ಮಾರಾಯ?" ಎಂದು ಫೈಬರ್ ಕೆಲಸದ ಗೆಳೆಯ ಕೇಳುತ್ತಿದ್ದ.

"ಕಡಲಿನ ಮೇಲೆ" ಎನ್ನುತ್ತಿದ್ದೆ.

ಕಾಪುವಿನ ದೀಪಸ್ತಂಭದ ಎದುರು, ದಡಕ್ಕೆ ಮುಖ ಕಾಣುವಷ್ಟು ಹತ್ತಿರದಲ್ಲಿ, ನನ್ನ ತಂಗಿಯ ಗಂಡನ ದೋಣಿ ಮಗುಚಿತ್ತು. ಆಗಷ್ಟೇ ಮಳೆಗಾಲ ಹಿಡಿದಿತ್ತು. ಸಹಾಯಕ್ಕೆಂದು ನಾವು ಇಳಿಸಿದ ದೋಣಿಯನ್ನು ಅಲೆ ಮತ್ತೆ ಮತ್ತೆ ಮರಳಿಗೇ ತಂದು ಎಸೆಯಿತು. ಭಾವ ಬಹಳ ಹೊತ್ತು ಕೈ ಎತ್ತಿ ಆಡಿಸುತ್ತಲೇ ಇದ್ದರು. ಅಯ್ಯೋ, ಆ ಕೈ! ತಂಗಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಡದಲ್ಲಿದ್ದ ನಾವೆಲ್ಲ ಅವಳಿಗೆ ಒಂದೇ ಮಾತು ಹೇಳಿದೆವು: "ದೋಣಿ ಮಗುಚಿದ್ದೇ, ಒಮ್ಮೆಗೇ ಹೋಗಿಬಿಟ್ಟರು. ಯಾರಿಂದಲೂ ಎಂತ ಮಾಡಲಿಕ್ಕೂ ಆಗುತ್ತಿರಲಿಲ್ಲ."

ಆ ಮಾತನ್ನು ಹಿಡಿದುಕೊಂಡೇ ಅವಳು ಬದುಕಿದಳು. ಉಣ್ಣಲಿಕ್ಕೆ, ಮಲಗಲಿಕ್ಕೆ, ಮತ್ತೆ ಹೊಲಿಗೆ ಮಿಷನ್ ತುಳಿಯಲಿಕ್ಕೆ ಅವಳಿಗಿದ್ದದ್ದು ಅದೊಂದೇ ಸಮಾಧಾನ.

ಬೋಟಿನ ಪರೀಕ್ಷೆಗೆ ನೀರಿನಲ್ಲಿ ತೇಲಿಬಿಡಲು ಆಳೆತ್ತರದ ಗೊಂಬೆ ಬೇಕಾಯಿತು. "ನಾನೇ ಹೊಲಿದು ಕೊಡುತ್ತೇನೆ ಅಣ್ಣ" ಎಂದಳು ತಂಗಿ. ಅಳತೆ ಎಲ್ಲಿಂದ ತಂದೆ ಎಂದು ನಾನು ಕೇಳಲಿಲ್ಲ. ಥರ್ಮಕೋಲು, ಮರಳು ತುಂಬಿ ಗೋಡೆಗೆ ಆನಿಸಿ ನಿಲ್ಲಿಸಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದೇ ಅಗಲವಾದ ಭುಜ, ಒಂದು ಕಡೆಗೆ ತುಸು ಇಳಿಜಾರು. ಭಾವನೇ ನಿಂತ ಹಾಗಿತ್ತು.

ಪರೀಕ್ಷೆಯ ದಿನ ಬರಬೇಡ ಎಂದು ಗದರಿದ್ದೆ. ಕೇಳುವವಳಾ ಅವಳು? ಬಂದು ಕಾಪುವಿನ ಮರಳಿನ ಮೇಲೆ ನಿಂತಿದ್ದಳು. ಕಡಲು ಅವತ್ತಿನಂತೆಯೇ ಕೆರಳಿತ್ತು. ನಮ್ಮ ಬೋಟು ಅಲೆಗಳನ್ನು ಸೀಳಿಕೊಂಡು ಹೋಯಿತು, ಗೊಂಬೆಯನ್ನು ಎಳೆದುಕೊಂಡಿತು, ತಿರುಗಿ ಬಂತು.

"ಚಾ ಆರುವ ಮೊದಲೇ ತಂದರಲ್ಲ ಮಾರಾಯ!" ಎಂದು ಗೆಳೆಯ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಹೋದ ಮೇಲಿನ ಅಷ್ಟು ವರ್ಷಗಳಲ್ಲಿ ನಾನು ಮನಸಾರೆ ನಕ್ಕದ್ದು ಆ ಒಂದು ಗಳಿಗೆ.

ತಂಗಿ ಚಪ್ಪಾಳೆ ತಟ್ಟಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು, ಗೊಂಬೆಯ ಮುಖಕ್ಕೆ ಅಂಟಿದ ಮರಳನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಅಣ್ಣ, ಅವರು ಒಮ್ಮೆಗೇ ಹೋದದ್ದು ಅಲ್ವಾ?"

"ಹೌದು ಮಾರಾಯ್ತಿ, ಎಷ್ಟು ಸಲ ಹೇಳುವುದು?" ಎಂದು ಸಿಡುಕಿದೆ.

"ಹಾಗಾದರೆ ಈ ಬೋಟು ಇದ್ದಿದ್ದರೂ ಸಿಗುತ್ತಿರಲಿಲ್ಲ?"

"ಸಿಗುತ್ತಿರಲಿಲ್ಲ."

ಅವಳು ಬೋಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಮತ್ತೆ ಇದನ್ನು ಎಂತಕ್ಕೆ ಕಟ್ಟಿದ್ದು ಅಣ್ಣ?"