ದಾರಿಯ ಮೇಲೆ ತುಳಸಿ ಕಟ್ಟೆ

ಹೊನ್ನಾವರದ ಹೊರಮಗ್ಗುಲಲ್ಲಿ ಅಪ್ಪಯ್ಯ ಹೊಸ ಮನೆ ಕಟ್ಟಿಸಿದಾಗ ನನಗೆ ಹದಿನೆಂಟು ವರ್ಷ. ಶರಾವತಿಯನ್ನು ಇನ್ನೂ ದೋಣಿಯಲ್ಲೇ ದಾಟುತ್ತಿದ್ದ ಕಾಲ. ಕುಮಟೆಯಲ್ಲಿ ಕಾರಕೂನನಾಗಿದ್ದ ಅಪ್ಪಯ್ಯ ಆಯುಷ್ಯವೆಲ್ಲ ಬಾಡಿಗೆ ಮನೆಯಲ್ಲಿ ಕಳೆದವನು. ಸ್ವಂತದ್ದೊಂದು ಚಿರೆಕಲ್ಲಿನ ಮನೆ, ಅದರ ಮುಂದೆ ಸಾಹೇಬರ ಬಂಗಲೆಗೆ ಇರುವಂಥ ಹೂದೋಟ, ಇವೆರಡು ಅವನ ಆಸೆ. ಮನೆಯನ್ನು ಮೇಸ್ತ್ರಿ ಕಟ್ಟಿದ. ತೋಟದ ನಕ್ಷೆ ಮಗಳಾದ ನನ್ನ ಪಾಲಿಗೆ ಬಂತು.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದೆ. ನನ್ನಷ್ಟು ನೇರ ಗೆರೆ ಊರಲ್ಲಿ ಯಾರೂ ಎಳೆಯಲಾರರು ಎಂಬ ಜಂಬ ತಲೆಗೇರಿತ್ತು. ಗೇಟಿನಿಂದ ಮೆಟ್ಟಿಲವರೆಗೆ ಕೆಂಪು ಮಣ್ಣಿನ ದಾರಿ, ಎರಡೂ ಬದಿಗೆ ಚೌಕ ಪಾತಿಗಳು, ಒಂದರಲ್ಲಿ ಅಬ್ಬಲಿಗೆ, ಒಂದರಲ್ಲಿ ಗೊಂಡೆ, ಅಂಚಿಗೆ ಕ್ರೋಟನ್. ಕಾಗದದ ಮೇಲೆ ಬಹಳ ಚಂದ ಬಂದಿತ್ತು. ತೊಂದರೆ ಒಂದೇ. ನಮ್ಮ ಮನೆಯ ಹಿಂದಿದ್ದ ಗುಡಿಸಲಿನಿಂದ ಹೊರಟ ಕಾಲುದಾರಿಯೊಂದು ನನ್ನ ಪಾತಿಗಳನ್ನು ಓರೆಯಾಗಿ ಕೊಯ್ದುಕೊಂಡು ಹೋಗಿ, ಈಶಾನ್ಯ ಮೂಲೆಯಲ್ಲಿ ರಸ್ತೆಗೆ ಕೂಡುತ್ತಿತ್ತು.

ಆ ದಾರಿಯಲ್ಲಿ ನಡೆಯುತ್ತಿದ್ದವಳು ಮುಖ್ಯವಾಗಿ ಒಬ್ಬಳೇ, ಆ ಗುಡಿಸಲಿನಲ್ಲಿದ್ದ, ಹರಿವೆ ಸೊಪ್ಪು ಮಾರುವ ಮುದುಕಿ. ಎಡಗಾಲು ಆನೆಕಾಲು. ನಮ್ಮ ಕಡೆ ಆಗ ಆ ರೋಗ ಬಹಳ ಜನಕ್ಕಿತ್ತು. ಬೆಳಗಾದರೆ ತಲೆಯ ಮೇಲೆ ಬುಟ್ಟಿ ಹೊತ್ತು, ಆ ಕಾಲನ್ನು ಎಳೆದುಕೊಂಡು ಪೇಟೆಗೆ ಹೋಗುತ್ತಿದ್ದಳು. ಇದು ಬಿಟ್ಟರೆ ಅವಳಿಗೆ ಇನ್ನೊಂದೇ ದಾರಿ. ಗದ್ದೆಯ ಅಂಚಿನ ಮೇಲೆ ಅರ್ಧ ಮೈಲು ಸುತ್ತಿ, ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ ದಾಟಬೇಕು. ಎರಡು ಕಾಲು ಸರಿಯಿದ್ದವರೇ ಆ ಸಂಕದ ಮೇಲೆ ದೇವರ ಹೆಸರು ಹೇಳುತ್ತಿದ್ದರು.

“ಬೇಲಿ ಹಾಕಿರೆ ತಕರಾರು ಬತ್ತು,” ಎಂದ ಅಪ್ಪಯ್ಯ. “ನಡೆದ ದಾರಿ ಮುಚ್ಚಿದ ಹೇಳಿ ನಾಳೆ ಊರೆಲ್ಲ ಕೇಳ್ತು.”

ನಾನು ನಕ್ಷೆಯಿಂದ ತಲೆಯೆತ್ತದೆ ಹೇಳಿದೆ: “ಆ ಮೂಲೇಲಿ ತುಳಸಿ ಕಟ್ಟೆ ಕಟ್ಟಿರೆ ಆಗ್ತಿಲ್ಯಾ? ಅದ್ರ ಅಂಗಳ ತುಳ್ಕಂಡು ಯಾರು ಬತ್ತ?”

ಅಪ್ಪಯ್ಯ ಗಟ್ಟಿಯಾಗಿ ನಕ್ಕ. “ತಲೆ ಇದ್ದು ಈ ಕೂಸಿಗೆ!” ಈಶಾನ್ಯ ದೇವಮೂಲೆ. ಅಲ್ಲಿ ತುಳಸಿ ಇಡಬೇಡಿ ಎನ್ನುವ ಭಟ್ಟರು ಎಲ್ಲಿದ್ದಾರೆ? ಕಟ್ಟೆಯ ಸುತ್ತ ಸಗಣಿ ಸಾರಿಸಿ ರಂಗೋಲಿ ಹಾಕಿದ ಮೇಲೆ ಅದು ಮಡಿಯ ಜಾಗ, ಆ ಮುದುಕಿಯ ಜಾತಿಯವರು ಕಾಲಿಡುವಂತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಮ್ಮ, ಅಂದರೆ ನಮ್ಮ ಆಯಿ, ಒಬ್ಬಳು ಮಾತ್ರ ಒಳಗಿನಿಂದ, “ಪಾಪ ಬಪ್ಪ ಕೆಲ್ಸ ಮಾಡಡಿ,” ಎಂದಳು. ಆಯಿಯ ಮಾತನ್ನು ನಮ್ಮ ಮನೆಯಲ್ಲಿ ಯಾರು ಕೇಳುತ್ತಿದ್ದರು?

ಮುದುಕಿಗೆ ಇದೇನೂ ಗೊತ್ತಿರಲಿಲ್ಲ. ಗಿಡದ ಮೇಲೆ ಅವಳಿಗೆ ಭಾರಿ ಪ್ರೀತಿ. ಪೇಟೆಯಿಂದ ಬರುವಾಗ ಯಾರ ಹಿತ್ತಲಿಂದಲೋ ಅಬ್ಬಲಿಗೆ ಸಸಿ, ದಾಸವಾಳದ ಕಡ್ಡಿ ಬೇಡಿ ತಂದು, ನನ್ನ ಪಾತಿಯ ಪಕ್ಕ ಆ ಕಾಲು ಚಾಚಿ ಕುಳಿತು ನೆಟ್ಟುಕೊಡುತ್ತಿದ್ದಳು. ಚಿರೆಮಣ್ಣಿಗೆ ಎಷ್ಟು ಗೊಬ್ಬರ, ಎಷ್ಟು ಸುಡುಮಣ್ಣು ಎಂದು ನನಗೆ ಕಲಿಸಿದವಳು ಅವಳೇ. ಕಟ್ಟೆ ಎದ್ದ ಮೇಲೆ ಅಪ್ಪಯ್ಯ ಅವಳನ್ನೇ ಕರೆದು, “ನಿನ್ನ ಅಂಗಳದಾಗೆ ಕೃಷ್ಣ ತುಳಸಿ ಇತ್ತಲ್ಲ, ಒಂದು ಸಸಿ ಕೊಡ್ತಿಯಾ?” ಎಂದು ಕೇಳಿದ. ಬೇರಿನ ಮಣ್ಣು ಉದುರದಂತೆ ಬಾಳೆಲೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಂದಳು. ತನ್ನ ಮನೆಯ ತುಳಸಿ ಬ್ರಾಹ್ಮಣರ ಕಟ್ಟೆ ಏರುತ್ತದೆ ಎಂದು ಅವಳ ಮುಖ ಅರಳಿತ್ತು. ಅದನ್ನು ನೋಡಿಯೂ ನನಗೆ ನಾಚಿಕೆ ಆಗಲಿಲ್ಲ. ಸಸಿ ಸಣ್ಣದಾಯಿತಲ್ಲ ಎಂದು ಮಾತ್ರ ಅನ್ನಿಸಿತು.

ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಂದವಳು ರಂಗೋಲಿಯ ಈಚೆ ನಿಂತಳು. ಕಟ್ಟೆ ನೋಡಿದಳು, ಜಗಲಿಯಲ್ಲಿದ್ದ ಅಪ್ಪಯ್ಯನನ್ನು ನೋಡಿದಳು. ಬುಟ್ಟಿ ಇಳಿಸಿ ತುಳಸಿಗೆ ಕೈಮುಗಿದಳು.

“ದೇವ್ರು ಕುಂತ ಮೇಲೆ ಆತು, ಒಡೆಯಾ. ನಾ ಸುತ್ತಿ ಹೋತೆ,” ಎಂದಳು.

ಬೈದಿದ್ದರೆ ನಾವೂ ಬೈಯಬಹುದಿತ್ತು. ಬೈಯಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು. ಆ ಮಳೆಗಾಲ ಹೇಗೋ ಕಳೆದಳು. ನನ್ನ ಅಬ್ಬಲಿಗೆ ಹೂಬಿಟ್ಟಿತು, ದಾರಿಹೋಕರು ಗೇಟಿನ ಹತ್ತಿರ ನಿಂತು ನೋಡಿದರು, ಮಂಕಿ ಊರಿನಿಂದ ಬಂದ ನೆಂಟರು ತಮ್ಮ ಮನೆಗೂ ಒಂದು ನಕ್ಷೆ ಬರೆದುಕೊಡು ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುವರ್ಷ ಮಳೆ ಹಿಡಿದ ವಾರದಲ್ಲೇ ಮುದುಕಿ ಸಂಕದಿಂದ ಜಾರಿ ಬಿದ್ದಳು. ಸೊಂಟ ಮುರಿದಿತ್ತು. ಇಪ್ಪತ್ತು ದಿನ ಮಲಗಿದಲ್ಲೇ ನರಳಿದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆಯಿ ಗಂಜಿ ಕಳಿಸಿದಳು. ನಾನು ಒಮ್ಮೆಯೂ ಹೋಗಿ ನೋಡಲಿಲ್ಲ.

ಅವಳು ಸತ್ತ ದಿನ ಜಡಿಮಳೆ. ಕಡವಿನಲ್ಲಿ ದೋಣಿ ನಡೆಸುವ ಅವಳ ಮಗ ನೆನೆದುಕೊಂಡು ಬಂದು ಮೆಟ್ಟಿಲ ಕೆಳಗೆ ನಿಂತ. “ಹಳ್ಳ ಸಂಕದ ಮೇಲೆ ಹರೀತಿದೆ, ಒಡೆಯಾ. ಅವ್ವಿನ ಇದೊಂದ್ಸಲ ಇಲ್ಲಿಂದ ಹಾಯ್ಸೂಕೆ ಬಿಡಿ.”

“ತುಳಸಿ ಎದ್ರಿಗೆ ಹೆಣ ತಕಂಡು ಹೋಗೂಕೆ ಬರೂದಿಲ್ಲ ಮಾರಾಯಾ,” ಎಂದ ಅಪ್ಪಯ್ಯ. ಆದರೆ ಅವನ ದನಿಯಲ್ಲಿ ಗಟ್ಟಿತನ ಇರಲಿಲ್ಲ. ಆಯಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅಪ್ಪಯ್ಯ ಅವಳ ಕಡೆ ನೋಡಿದ, ನನ್ನ ಕಡೆ ನೋಡಿದ. ಇನ್ನೊಂದು ಗಳಿಗೆ ಯಾರೂ ಮಾತಾಡದಿದ್ದರೆ ಆಗಲಿ ಎನ್ನುತ್ತಿದ್ದ. ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ.

“ಬಿಡಡ ಅಪ್ಪಯ್ಯಾ,” ಎಂದೆ. “ಪಾತಿ ಎಲ್ಲ ತುಳ್ದು ಹಾಕ್ತ.”

ನಾಲ್ಕು ಜನ ಎದೆಮಟ್ಟದ ನೀರಿನಲ್ಲಿ ಅವಳನ್ನು ಎತ್ತಿ ಹಿಡಿದು ಹಳ್ಳ ದಾಟಿಸಿದರು ಎಂದು ಆಮೇಲೆ ಕೇಳಿದೆ. ನನ್ನ ಮಾತು ಮುದುಕಿಯ ಮಗನ ಕಿವಿಗೆ ಬಿತ್ತೇನೋ ಎಂದು ಆಯಿ ಸಾಯುವ ತನಕ ಕೊರಗಿದಳು. ಬಿದ್ದಿತ್ತು. ಬೀಳಲಿ ಎಂದೇ ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು.