ಬೋರಲು ಮಲಗಿದ ಅವ್ವ

ರಾಗಿ ಬಿತ್ತನೆಯ ಕಾಲ ಬಂದರೆ ನನಗೆ ಈಗಲೂ ಲಕ್ಕಮ್ಮನ ನೆನಪಾಗುತ್ತದೆ. ಆಗ ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು; ಹಾಸನದ ಸಣ್ಣದೊಂದು ವಸ್ತುಸಂಗ್ರಹಾಲಯದಲ್ಲಿ ಕ್ಯೂರೇಟರ್ ಆಗಿದ್ದೆ. ಹೊಯ್ಸಳರ ನಾಡಿನಲ್ಲಿ ನವಶಿಲಾಯುಗದ ಮಾತೆತ್ತಿದರೆ ಯಾರೂ ಕಿವಿಗೊಡುವುದಿಲ್ಲ. ಶಿಲಾಬಾಲಿಕೆಯರ ಮುಂದೆ ಮಡಕೆ ಚೂರಿಗೆ ಎಲ್ಲಿಯ ಬೆಲೆ! ನನಗೋ ಆ ಚೂರುಗಳೆಂದರೆ ಪ್ರಾಣ.

ಅರಕಲಗೂಡಿನಿಂದ ಹಳ್ಳಿಮೈಸೂರಿನ ಕಡೆಗೆ ಹೋಗುವ ದಾರಿಯ ಊರೊಂದರಲ್ಲಿ ಶುಂಠಿ ಹಾಕಲು ಜೆಸಿಬಿ ತಂದು ದಿಬ್ಬ ಮಟ್ಟ ಮಾಡುತ್ತಿದ್ದರು. ಸುದ್ದಿ ತಿಳಿದು ಓಡಿದೆ. ಬೂದುಬಣ್ಣದ ಮಡಕೆ ಚೂರುಗಳು, ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿ ಸಿಕ್ಕವು. ಜನ ಬೇಸಾಯಕ್ಕೆ ಕೈಹಾಕಿದ ಕಾಲದ ನೆಲೆ ಅದು. ಅಂಚಿನ ಹುಣಸೆ ಮರದಡಿ ಮೊಳದುದ್ದದ ಕಲ್ಲೊಂದು ಬೋರಲು ಬಿದ್ದಿತ್ತು. ಎತ್ತಲು ಬಾಗಿದೆ.

"ಮುಟ್ಬ್ಯಾಡಿ ಸಾ! ಅವ್ವ ಮನಗವ್ಳೆ."

ಗದರಿದವರು ಲಕ್ಕಮ್ಮ, ಆ ಕಲ್ಲನ್ನು ಪೂಜಿಸುವ ಮನೆತನದ ಹಿರಿಯಾಕೆ. ರಾಗಿ ಬಿತ್ತುವ ದಿನ ಮಾತ್ರ ಹೆಂಗಸರು ಅವ್ವನನ್ನು ಎಬ್ಬಿಸಿ, ಅಂಗಾತ ಮಾಡಿ, ಹೊಟ್ಟೆಯ ಮೇಲೆ ಹಿಡಿ ಬೀಜವಿಟ್ಟು, ಅದನ್ನೇ ಮೊದಲು ಬಿತ್ತುತ್ತಾರಂತೆ. ಸಂಜೆ ಮತ್ತೆ ಬೋರಲು.

ಆ ದಿನಕ್ಕೆ ಕಾದು ನೋಡಿದೆ. ಬೆನ್ನು ಮಳೆಗಾಳಿಗೆ ಸವೆದುಹೋಗಿತ್ತು. ಆದರೆ ಕಣ್ಣು, ಮೂಗು, ಎದೆ ನಿನ್ನೆ ಕೊರೆದಷ್ಟು ಸ್ಪಷ್ಟ! ಅವಳ ನಿದ್ದೆಯೇ ಅವಳನ್ನು ಕಾಪಾಡಿತ್ತು. ನನ್ನ ಕಣ್ಣು ತುಂಬಿತು.

ಹೊಲದ ಯಜಮಾನ ಆ ಮರವನ್ನೂ ಕಡಿಸುವವನಿದ್ದ. ಕಳ್ಳರ ಭಯ ಬೇರೆ. ಮೂರ್ತಿಯನ್ನು ಹಾಸನಕ್ಕೆ ತರಲು ಆದೇಶವಾಯಿತು. ಲಕ್ಕಮ್ಮ ಅಡ್ಡ ನಿಂತರು.

"ಕಳ್ರು ಒತ್ಕೊಂಡೋದ್ರೆ ನನ್ ಒಟ್ಟೆ ಉರೀತದೆ, ದಿಟ. ಆದ್ರೆ ಆಸನದ್ ಪ್ಯಾಟೇಲಿ ವರ್ಸೆಲ್ಲ ನಿಲ್ಸಿಬುಟ್ರೆ ಅವ್ವ ಯಾವಾಗ ಮನಗೋದು ಸಾ?"

"ಮಲಗಿಸಿಯೇ ಇಡ್ತೀನಮ್ಮ" ಎಂದುಬಿಟ್ಟೆ. ಆ ಮಾತು ನಂಬಿ ದಾರಿ ಬಿಟ್ಟರು.

"ಮುಖ ಕಾಣದ ಮೂರ್ತೀನ ಯಾರ್ರೀ ನೋಡ್ತಾರೆ?" ಎಂದು ಮೇಲಧಿಕಾರಿಗಳು ನಕ್ಕರು. ಉತ್ತರ ಹೊಳೆದದ್ದು ಸಲೂನಿನಲ್ಲಿ. ಕ್ಷೌರ ಮುಗಿಸಿದವನು ನನ್ನ ತಲೆಯ ಹಿಂಭಾಗವನ್ನು ಕನ್ನಡಿ ಹಿಡಿದು ತೋರಿಸಿದ. ಮರುದಿನವೇ ಬೀಗ ಹಾಕುವ ಪ್ರದರ್ಶನ ಪೆಟ್ಟಿಗೆಯೊಳಗೆ ಗಾಜಿನ ಹಲಗೆಯ ಮೇಲೆ ಅವ್ವನನ್ನು ಬೋರಲು ಮಲಗಿಸಿ, ಕೆಳಗೆ ಕನ್ನಡಿ ಇಡಿಸಿದೆ.

ಮರುವರ್ಷ ಬಿತ್ತನೆಗೆ ಮುಂಚೆ ಲಕ್ಕಮ್ಮ ಊರಿನ ಹೆಂಗಸರೊಂದಿಗೆ ಬಸ್ಸಿನಲ್ಲಿ ಬಂದರು. ಸೆರಗಿನಲ್ಲಿ ರಾಗಿಯ ಗಂಟು. ಬಗ್ಗಿ ನೋಡಿದರು. ಕನ್ನಡಿಯಲ್ಲಿ ಅವ್ವನ ಮುಖ, ಪಕ್ಕದಲ್ಲೇ ಅವರ ಮುಖ.

"ಮೆಲ್ಲಗೆ ಮಾತಾಡ್ರೇ" ಎಂದು ಜೊತೆಯವರನ್ನು ಗದರಿದರು.

ವಸ್ತುವನ್ನು ಉಳಿಸುವುದಷ್ಟೇ ನನ್ನ ಕೆಲಸವೆಂದು ನಂಬಿ ಸೇವೆ ಸವೆಸಿದ್ದೆ. ಅದು ಬಾಳಿದ ರೀತಿಯನ್ನೂ ಉಳಿಸಬೇಕೆಂದು ಕಲಿತದ್ದು ಅಲ್ಲಿ.

"ಎಬ್ಬಿಸ್ಲಾ ಸಾ?" ಎಂದರು ಲಕ್ಕಮ್ಮ.

ಜೇಬಿನಿಂದ ಬೀಗದ ಕೈ ತೆಗೆದೆ.